ಬ್ಯಾರಲ್ಲಿಗೆ ತೊಡಿಸಿದ ಖಾಕಿ ಅಂಗಿ

ನಮ್ಮ ಮನೆಗೆ ಹೊಸದಾಗಿ ಬಂದವರು ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಅಲ್ಲಿ ಎದೆಯೆತ್ತರದ ನೀಲಿ ಬ್ಯಾರಲ್ ಒಂದಿದೆ. ಅದರ ಬಾಯಿಗೆ ಖಾಕಿ ಅಂಗಿಯೊಂದನ್ನು ಬಿಗಿಯಾಗಿ ಎಳೆದು, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ ಕಟ್ಟಿದ್ದೇನೆ. ಅಂಗಿಯ ಜೇಬು ಹಾಗೇ ಇದೆ, ಜೇಬಿನ ಗುಂಡಿಯೂ ಇದೆ. ದೂರದಿಂದ ನೋಡಿದರೆ ಹೊಟ್ಟೆ ಬಂದ ಕಂಡಕ್ಟರೊಬ್ಬ ತಲೆ ತಗ್ಗಿಸಿ ನಿಂತಂತೆ ಕಾಣುತ್ತದೆ.

"ಇದೇನ್ರಿ, ಬ್ಯಾರಲ್ಲಿಗೂ ಡ್ಯೂಟಿ ಹಚ್ಚೀರೇನು?" ಎಂದು ಕೇಳುತ್ತಾರೆ.

"ಹೌದ್ರಿ. ಒಂದು ಸೊಳ್ಳಿನೂ ಒಳಗ ಹತ್ತಿಸಿಕೋಬ್ಯಾಡ ಅಂತ ಹೇಳಿ ನಿಲ್ಲಿಸೀನಿ" ಎನ್ನುತ್ತೇನೆ ನಾನು. ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಅಂಗಿ ಅಲ್ಲಿಗೆ ಹೋದದ್ದು ನಗುವ ಹೊತ್ತಿನಲ್ಲಲ್ಲ. ಅದನ್ನು ಹೇಳಬೇಕೆಂದರೆ ನನ್ನ ಒಂದು ದುರಭ್ಯಾಸವನ್ನು ಮೊದಲು ಒಪ್ಪಿಕೊಳ್ಳಬೇಕು.

ನಾನು ಬಸ್ಸಿನ ಕಂಡಕ್ಟರ್. ಕೊಪ್ಪಳದಿಂದ ಒಂದು ಸಲ ಕುಷ್ಟಗಿಗೆ, ಒಂದು ಸಲ ಯಲಬುರ್ಗಾಕ್ಕೆ, ಇನ್ನೊಂದು ಸಲ ಗಂಗಾವತಿಗೆ ಎಂದು ತಿರುಗಿ ತಿರುಗಿ ತಲೆಗೂದಲು ಬೆಳ್ಳಗಾಗಿದೆ. ಇಷ್ಟು ವರ್ಷಕ್ಕೆ ಒಂದು ವಿದ್ಯೆ ಮಾತ್ರ ಪಕ್ಕಾ ಕೈಗೆ ಬಂದಿದೆ. ಮನುಷ್ಯ ನೀರಿನ ಬಾಟಲಿ ಹಿಡಿಯುವ ರೀತಿ ನೋಡಿ ಅವನು ಯಾವ ಕಡೆಯವನೆಂದು ಹೇಳಬಲ್ಲೆ. ಗಂಗಾವತಿ ಕಡೆಯ ಕಾಲುವೆಯ ಜನ ಪೇರಲ ಹಣ್ಣು ತಿಂದು ಕಿಟಕಿಯ ಹೊರಗೆ ಕೈ ಚಾಚಿ, ಅರ್ಧ ಬಾಟಲಿ ನೀರು ಸುರಿದು ಕೈ ತೊಳೆಯುತ್ತಾರೆ. ಹಿಂದಿನ ಸೀಟಿನವನ ಮುಖಕ್ಕೂ ಒಂದಿಷ್ಟು ಪ್ರಸಾದ ಸಿಗುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯವರು ಹಾಗಲ್ಲ. ತಳದಲ್ಲಿ ಒಂದು ಗುಟುಕು ಉಳಿದಿದ್ದರೂ ಮುಚ್ಚಳ ತಿರುಗಿಸಿ, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಇಳಿಯುವ ಮುಂಚೆ ಒಮ್ಮೆ ಮುಟ್ಟಿ ನೋಡುತ್ತಾರೆ.

ನಾನು ಮುಟ್ಟಿ ನೋಡುವ ಪೈಕಿ. ನಮ್ಮೂರು ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೈಪಂಪಿನ ಮುಂದೆ ಕೊಡದ ಸಾಲು ಹಚ್ಚಿ, ನಮ್ಮ ಸರದಿ ಬರುವವರೆಗೆ ಸಾಲಿಯ ಪಾಠ ಬಾಯಿಪಾಠ ಮಾಡಿದವನು ನಾನು. ನಮ್ಮವ್ವ ಒಂದು ತಂಬಿಗೆ ನೀರಿಗೆ ಮೂರು ಜನ್ಮ ಕೊಡುತ್ತಿದ್ದಳು. ಮುಖ ತೊಳೆದ ನೀರು ತಗಡಿನ ಬುಟ್ಟಿಗೆ, ಬುಟ್ಟಿಯ ನೀರಿನಲ್ಲಿ ಕಾಲೊರಸುವ ಚಿಂದಿ, ಆಮೇಲೆ ಅದು ಬದನೆ ಗಿಡದ ಬುಡಕ್ಕೆ. "ತುಪ್ಪ ಚೆಲ್ಲಿದ್ರ ಬಳಕೋಬಹುದು, ನೀರು ಚೆಲ್ಲಿದ್ರ ನೆಲ ಕುಡೀತೈತಿ" ಎನ್ನುತ್ತಿದ್ದಳು. ಈ ಮಾತು ನನ್ನ ಎಲುಬಿನಲ್ಲಿ ಇಳಿದು ಕುಳಿತಿತ್ತು.

ಇಂಥವನಿಗೆ ಹೆಣ್ಣು ಗೊತ್ತಾದದ್ದು ಗಂಗಾವತಿ ಹತ್ತಿರದ ಮರಳಿ ಎಂಬ ಊರಲ್ಲಿ. ನನ್ನ ಹೆಂಡತಿ ನೀಲಮ್ಮ ಕಾಲುವೆಯ ದಂಡೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮರುದಿನವೇ ಅವಳು ಅಂಗಳಕ್ಕೆ ಎರಡು ಕೊಡ ನೀರು ಸುರಿದು ಕಸಬರಿಗೆಯಿಂದ ಗುಡಿಸಿದಳು. ಅವ್ವ ಬಾಗಿಲಲ್ಲಿ ನಿಂತು ಆ ನೀರು ಹರಿದು ಓಣಿ ಸೇರುವುದನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ಮನೆಯ ಬಂಗಾರ ಯಾರೋ ಹೊತ್ತೊಯ್ಯುತ್ತಿದ್ದಂತೆ ನೋಡುತ್ತಿದ್ದಳು.

ಅಂದಿನಿಂದ ನಮ್ಮ ಸಂಸಾರದ ಜಗಳವೆಲ್ಲ ನೀರಿನದೇ. ಅವಳು ಚೆಲ್ಲುವವಳು, ನಾನು ತುಂಬಿಡುವವನು. ಮಾತಿಗೆ ಮಾತು ಬಂದಾಗ ನಾನು ಅವಳ ತವರಿನ ಸೊಳ್ಳೆಯನ್ನು ಎತ್ತಿ ಆಡುತ್ತಿದ್ದೆ. ಗದ್ದೆಯ ಊರಲ್ಲವೇ, ಸಂಜೆಯಾದರೆ ಅಲ್ಲಿ ಬಾಯಿ ತೆರೆದು ಮಾತಾಡುವ ಹಾಗಿರಲಿಲ್ಲ. ನೀಲಮ್ಮ ಚಿಕ್ಕವಳಿದ್ದಾಗ ಮಲೇರಿಯಾ ಬಂದು, ಮನೆಯ ಕೌದಿಗಳನ್ನೆಲ್ಲ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತಂತೆ. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋದವರು, ಆಮೇಲೆ ಬಂದು ಕಹಿ ಗುಳಿಗೆ ಕೊಟ್ಟರಂತೆ. ಅವಳ ಅಪ್ಪ ಅದನ್ನು ಬೆಲ್ಲದ ಉಂಡೆಯಲ್ಲಿ ಅಡಗಿಸಿ ಕೊಟ್ಟರೆ, ಇವಳು ಬೆಲ್ಲ ಚೀಪಿ ಗುಳಿಗೆಯನ್ನು ಗೋಡೆಯ ಸಂದಿಗೆ ಸೇರಿಸುತ್ತಿದ್ದಳಂತೆ. ಮೂರನೆಯ ದಿನ ಅಪ್ಪನ ಕಣ್ಣಿಗೆ ಬಿದ್ದು, ಅವನು ಎದುರಿಗೆ ಕುಳಿತು ಅಳುತ್ತ ನುಂಗಿಸಿದನಂತೆ. ಅಪ್ಪ ಅತ್ತದ್ದನ್ನು ನೋಡಿ ಹೆದರಿ ಉಳಿದ ಗುಳಿಗೆಗಳನ್ನೆಲ್ಲ ಬಾಯಿ ಮುಚ್ಚಿ ನುಂಗಿದೆ ಎಂದು ಹೇಳುತ್ತಾಳೆ.

"ನಿಮ್ಮೂರಾಗ ಮಂದಿಗಿಂತ ಗುಂಗಾಡ ಹೆಚ್ಚು" ಎಂದು ನಾನು ಹಂಗಿಸುತ್ತಿದ್ದೆ. ಗುಂಗಾಡ ಅಂದರೆ ನಮ್ಮ ಕಡೆ ಸೊಳ್ಳೆ. "ನಮ್ಮೂರಿಗೆ ಬಂದ್ರ ಅದು ನೀರಿಲ್ಲದ ಸಾಯ್ತೈತಿ."

ಒಣ ಸೀಮೆಯವನೆಂಬುದು ನನಗೊಂದು ಹೆಮ್ಮೆ. ಆ ಹೆಮ್ಮೆ ಎಲ್ಲಿಗೆ ತಂದಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅವ್ವ ತೀರಿಕೊಂಡ ಮೇಲೆ, ಕೆಲಸದ ಸಲುವಾಗಿ ನಾವು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಮನೆ ಮಾಡಿದೆವು. ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ನನಗೆ ಹಬ್ಬ. ರಜೆ ಇದ್ದರೆ ಆ ದಿನ ಬೇರೆ ಕೆಲಸವಿಲ್ಲ. ಎರಡು ಬ್ಯಾರಲ್, ಒಂದು ಸಿಮೆಂಟ್ ತೊಟ್ಟಿ, ಅವ್ವನ ಕಾಲದ ಮಣ್ಣಿನ ಹರವಿ, ಬಣ್ಣದ ಖಾಲಿ ಡಬ್ಬಿಗಳು, ಒಡೆದ ಕೂಲರಿನ ತಳ, ಕೊನೆಗೆ ಹಳೆಯ ಒರಳುಕಲ್ಲಿನ ಕುಳಿಯನ್ನೂ ಬಿಡದೆ ತುಂಬುತ್ತಿದ್ದೆ. ಒರಳಿನ ನೀರು ಯಾರಿಗೆ ಎಂದು ನೀಲಮ್ಮ ಕೇಳಿದರೆ "ಗುಬ್ಬಿಗೆ" ಎನ್ನುತ್ತಿದ್ದೆ. ಹೊಸ ನೀರು ಬಂದರೂ ಹಳೆಯದನ್ನು ಚೆಲ್ಲಲು ಬಿಡುತ್ತಿರಲಿಲ್ಲ, ಅದರ ಮೇಲೆಯೇ ತುಂಬುತ್ತಿದ್ದೆ. ಹೀಗಾಗಿ ನಮ್ಮ ಬ್ಯಾರಲ್ಲಿನ ತಳದಲ್ಲಿದ್ದ ನೀರಿನ ವಯಸ್ಸು ದೇವರಿಗೇ ಗೊತ್ತು.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ರೇಣುಕಾ ವಾರಕ್ಕೊಮ್ಮೆ ಬರುತ್ತಿದ್ದಳು. ನಮ್ಮ ಮಗಳು ಮಂಜುಳಾಳ ಜೊತೆ ಸಾಲಿ ಕಲಿತ ಹುಡುಗಿ, ನನ್ನನ್ನು ಕಾಕಾ ಎಂದೇ ಕರೆಯುತ್ತಾಳೆ. ಕೈಯಲ್ಲಿ ಒಂದು ಟಾರ್ಚು, ಒಂದು ವಹಿ, ಒಂದು ಸೀಮೆಸುಣ್ಣ. ಮನೆಯ ನೀರಿನ ಸಾಮಾನುಗಳಿಗೆಲ್ಲ ಟಾರ್ಚು ಬಿಟ್ಟು ನೋಡಿ, ಗೋಡೆಯ ಮೇಲೆ ತಾರೀಖು ಬರೆದು ಹೋಗುವುದು ಅವಳ ಕೆಲಸ. ಮೊದಲ ಸಲ ಬಂದಾಗ ಮನೆಯ ಮುಂದಿನ ಬ್ಯಾರಲ್ಲಿಗೆ ಬೆಳಕು ಬಿಟ್ಟು ನನ್ನನ್ನು ಕರೆದಳು.

"ಬರ್ರಿ ಕಾಕಾ, ನೋಡ್ರಿಲ್ಲೆ."

ಬಗ್ಗಿ ನೋಡಿದೆ. ಅಲ್ಪವಿರಾಮದಂಥ ಸಣ್ಣ ಹುಳಗಳು, ಬೆಳಕು ಬಿದ್ದ ಕೂಡಲೇ ಸುಳಿದು ಸುಳಿದು ತಳಕ್ಕಿಳಿದವು.

"ಇವು ನೀರಿನ ಹುಳ ಅಲ್ಲೇನವ್ವ. ನೀರು ಶುದ್ಧ ಐತಿ ಅಂತ ಇರ್ತಾವ."

"ಶುದ್ಧ ಐತಿ ಅಂತನ ಇರ್ತಾವ ಕಾಕಾ. ಡೆಂಗಿ, ಚಿಕೂನ್‌ಗುನ್ಯಾ ತರೋ ಸೊಳ್ಳಿಗೆ ಗಟಾರ ಬೇಕಿಲ್ಲ. ನಿಮ್ಮಂಥವರು ಕಾಪಾಡಿದ ಛಲೋ ನೀರ ಬೇಕು. ವಾರಕ್ಕೊಮ್ಮೆ ಎಲ್ಲಾ ಖಾಲಿ ಮಾಡಿ, ಒಳಗ ತಿಕ್ಕಿ, ಒಣಗಿಸಿ ತುಂಬಿದ್ರ ಮುಗೀತು."

"ಖಾಲಿ ಮಾಡು ಅನ್ನೋದೊಂದು ಬಿಟ್ಟು ಏನಾರ ಹೇಳು" ಎಂದೆ ನಾನು.

ಎಂಥ ಮನುಷ್ಯ ನೋಡಿ ನಾನು. ಅವಳೆದುರು ಮುಂದಿನ ಬ್ಯಾರಲ್ ಚೆಲ್ಲಿದೆ, ಹೃದಯ ಹಿಂಡಿದರೂ ಚೆಲ್ಲಿದೆ. ಆದರೆ "ಹಿಂದ ಏನೈತ್ರಿ?" ಎಂದು ಕೇಳಿದಾಗ "ಹಿತ್ತಲದಾಗ ಏನಿಲ್ಲವ್ವ, ಒಣಾ ಬಿದ್ದೈತಿ" ಎಂದುಬಿಟ್ಟೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಅದರ ಮುಂದಿನ ವಾರವೂ. ಟಿಕೆಟ್ ತೆಗೆಸದೆ ಸೀಟಿನ ಹಿಂದೆ ಅಡಗುವವರನ್ನು ಹಿಡಿದು ಬುದ್ಧಿ ಹೇಳಿದವನು ನಾನೇ, ಸ್ವಂತ ಮನೆಯ ಹಿತ್ತಲಲ್ಲಿ ನೀರು ಅಡಗಿಸಿಟ್ಟೆ. ರೇಣುಕಾ ನನ್ನ ಮಾತು ನಂಬಿ ಗೋಡೆಯ ಮೇಲೆ ತಾರೀಖು ಬರೆದು ಹೋದಳು. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಳಗೆ ಹೋದಳು.

ಹಾಗೆಂದು ಸೊಳ್ಳೆಯ ವಿಷಯದಲ್ಲಿ ನಾನು ಅಜಾಗರೂಕನೇನಲ್ಲ. ಹೊತ್ತು ಮುಳುಗುವ ಮುಂಚೆ ಕಿಟಕಿ ಹಾಕುತ್ತಿದ್ದೆ, ಮೂಲೆಯಲ್ಲಿ ಕಾಯಿಲ್ ಹಚ್ಚುತ್ತಿದ್ದೆ, ಪರದೆ ಕಟ್ಟಿಕೊಂಡು ರಾಜನ ಹಾಗೆ ಮಲಗುತ್ತಿದ್ದೆ. ಎಲ್ಲ ಕಾವಲೂ ರಾತ್ರಿಗೇ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ನೀಲಮ್ಮ ಹಾಸಿಗೆಯಿಂದ ಎದ್ದವಳು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದು ನಿಂತಳು. "ಕಾಲಿನ ಕೀಲು ಯಾರೋ ಬಿಚ್ಚಿಟ್ಟಂಗ ಆಗೇತ್ರಿ" ಎಂದಳು. ಹಣೆ ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು. ಕೈಗೆ ನೀರಿನ ಲೋಟ ಕೊಟ್ಟೆ, ಬೆರಳು ಮಡಚಲಾಗದೆ ಲೋಟ ನೆಲಕ್ಕೆ ಬಿತ್ತು. ಚೆಲ್ಲಿದ ನೀರಿನ ಕಡೆ ನಾನು ನೋಡಲಿಲ್ಲ ಅನ್ನುವುದೇ ನನಗೆ ಆಮೇಲೆ ಹೊಳೆದ ಸಂಗತಿ. ಮದುವೆಯಾದ ಮೇಲೆ ಮೊದಲ ಸಲ.

ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಆಯಿತು. ಚಿಕೂನ್‌ಗುನ್ಯಾ. ಡಾಕ್ಟರ್ ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು, ಅವಸರವಿಲ್ಲದೆ ಮಾತಾಡಿದರು.

"ಜ್ವರ ನಾಕೈದು ದಿನಕ್ಕ ಇಳೀತೈತ್ರಿ. ನೀರು, ಗಂಜಿ ಚೆಂದಂಗ ಕುಡಸ್ರಿ. ಬರೆದುಕೊಟ್ಟ ಗುಳಿಗಿ ಬಿಟ್ಟು ಅಂಗಡಿಯಾಗಿನ ನೋವಿನ ಗುಳಿಗಿ ಮುಟ್ಟಬ್ಯಾಡ್ರಿ. ಸಂದುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಇರ್ತೈತಿ. ಹೆದರಬ್ಯಾಡ್ರಿ, ವಾಸಿ ಆಗ್ತೈತಿ."

"ನನಗ ಯಾಕ ಬಂದಿಲ್ರಿ ಡಾಕ್ಟರೇ? ಒಂದ ಮನ್ಯಾಗ ಇರ್ತೀವಿ."

"ನೀವು ಹಗಲೊತ್ತು ಎಲ್ಲಿರ್ತೀರಿ?"

"ಬಸ್ಸಿನ್ಯಾಗ್ರಿ."

"ಇದು ಹಗಲು ಕಡಿಯೋ ಸೊಳ್ಳಿ. ಇವರು ಮನ್ಯಾಗ ಇರ್ತಾರ, ನೀವು ಬಸ್ಸಿನ್ಯಾಗ ಇರ್ತೀರಿ."

ಅಷ್ಟೇ ಹೇಳಿ ಅವರು ಚೀಟಿ ಬರೆಯತೊಡಗಿದರು. ನನಗೆ ಹಿತ್ತಲಿನ ಬ್ಯಾರಲ್ ಕಣ್ಣ ಮುಂದೆ ಬಂದು ನಿಂತಿತು. ನಾನು ಊರೂರು ತಿರುಗುತ್ತಿದ್ದಾಗ, ನಾನು ಕೂಡಿಟ್ಟ ನೀರಿನಲ್ಲಿ ಹುಟ್ಟಿದ ಸೊಳ್ಳೆ, ನೀಲಮ್ಮ ಪಾತ್ರೆ ತಿಕ್ಕುವಾಗ ಅವಳ ಕಾಲಿಗೆ ಕುಳಿತಿತ್ತು.

ನೀಲಮ್ಮ ಬೇರೆಯದನ್ನು ಕೇಳಿದಳು. "ನನ್ನ ಮಗಳಿಗೆ ಈಗ ಏಳು ತಿಂಗಳ್ರಿ. ಒಂಬತ್ತಕ್ಕ ಹೆರಿಗಿಗೆ ಕರಕೊಂಡು ಬರಬೇಕು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹೆರಿಗಿ ಹತ್ತಿರ ಬಂದಾಗ ತಾಯಿಗೆ ಈ ಜ್ವರ ಬಂದ್ರ ಕೂಸಿಗೂ ತ್ರಾಸ ಆಗಬಹುದ್ರಿ. ಮೊದಲ ನಿಮ್ಮ ಮನಿ ನೋಡಿಕೋರಿ. ಸೊಳ್ಳಿ ಹುಟ್ಟೋ ಜಾಗಾ ಇಲ್ಲದಂಗ ಮಾಡ್ರಿ. ಆಮ್ಯಾಲ ಕರಕೊಂಡು ಬರ್ರಿ."

ನೀಲಮ್ಮ ತನ್ನ ಊದಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕುಳಿತಳು. ಅವಳ ಮನಸ್ಸಿನಲ್ಲೇನಿತ್ತೆಂದು ನನಗೆ ಗೊತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಲಿ, ಎಣ್ಣೆ-ನೀರು ಎರೆಯಲು ಕರೆಯುವುದು ನೀಲಮ್ಮನನ್ನೇ. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕತೊಡಗಿದರೆ, ಎಂಥ ಕಿರುಚುವ ಕೂಸೂ ಸ್ವಲ್ಪ ಹೊತ್ತಿಗೆ ಕಣ್ಣು ಅರೆಮುಚ್ಚುತ್ತದೆ. ಊರ ಕೂಸುಗಳಿಗೆಲ್ಲ ಎರೆದವಳಿಗೆ ಸ್ವಂತ ಮೊಮ್ಮಗುವಿನ ಹೊತ್ತಿಗೆ ಬೆರಳು ಮಡಚದಂತಾಗಿತ್ತು.

ಮನೆಗೆ ಬಂದು ಅವಳನ್ನು ಮಲಗಿಸಿ, ಹಗಲಿರುವಾಗಲೇ ಟಾರ್ಚು ಹಿಡಿದು ಹಿತ್ತಲಿಗೆ ಹೋದೆ. ಬ್ಯಾರಲ್ಲಿನಲ್ಲಿ ಹುಳಗಳು ಸುಳಿದಾಡುತ್ತಿದ್ದವು. ತೊಟ್ಟಿಯಲ್ಲಿದ್ದವು. ಕೂಲರಿನ ತಳದಲ್ಲಿದ್ದವು. ಗುಬ್ಬಿಗೆಂದು ಇಟ್ಟ ಒರಳಿನ ಅಂಗೈಯಗಲದ ನೀರಿನಲ್ಲೂ ಇದ್ದವು. ಕೊನೆಗೆ ಅವ್ವನ ಹರವಿಗೆ ಬೆಳಕು ಬಿಟ್ಟೆ. ಅದರಲ್ಲೂ ಇದ್ದವು.

ಮರುದಿನ ಮುಂಜಾನೆ ರೇಣುಕಾಳ ಮನೆಗೆ ನಾನೇ ಹೋದೆ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು.

"ರೇಣುಕವ್ವ, ನಾ ನಿನಗ ಸುಳ್ಳು ಹೇಳೀನಿ" ಎಂದೆ. "ಹಿತ್ತಲದಾಗ ನೀರೈತಿ. ಭಾಳ ಐತಿ."

ಅವಳು ಜಡೆಯ ಕೊನೆಗೆ ರಿಬ್ಬನ್ ಕಟ್ಟಿ ಮುಗಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀಲಮ್ಮ ಚಿಗವ್ವಗ ಜ್ವರ ಅಂತ ಗೊತ್ತಾತ್ರಿ. ನಾನೂ ಒಂದ ಸಲ ಒಳಗ ಬಂದು ನೋಡಬೇಕಿತ್ತು. ಹಿರೇರು ಇಲ್ಲ ಅಂದ್ಮ್ಯಾಲ ಹೆಂಗ ಹೋಗೋದು ಅಂತ ಸುಮ್ಮನಾದೆ" ಎಂದಳು. "ನಡೀರಿ, ಈಗ ಹೋಗೂಣು."

ಅಂದು ನಾನು ರಜೆ ಹಾಕಿದೆ. ಮೊದಲ ಬ್ಯಾರಲ್ ಓರೆ ಮಾಡುವಾಗ ನನ್ನ ಕೈ ಬರಲಿಲ್ಲ, ನಿಜ ಹೇಳುತ್ತೇನೆ. ರೇಣುಕಾಗೆ ಅರ್ಥವಾಯಿತೇನೋ, ಒಂದು ಬಕೆಟ್ಟು ತಂದು ಕೊಟ್ಟಳು. "ಗಟಾರಕ್ಕ ಬ್ಯಾಡ್ರಿ ಕಾಕಾ. ಓಣಿಯಾಗಿನ ಗಿಡದ ಬುಡಕ್ಕ ಹಾಕ್ರಿ. ಒಣಾ ಮಣ್ಣಿಗೆ ಬಿದ್ರ ಹುಳ ಸಾಯ್ತಾವ, ಗಿಡ ಬದುಕ್ತಾವ." ಹೀಗೆ ಬಕೆಟ್ಟು ಬಕೆಟ್ಟು ಹೊತ್ತು ಓಣಿಯ ಎರಡು ಬೇವಿನ ಗಿಡ, ಒಂದು ನುಗ್ಗೆ, ಯಾರದೋ ದಾಸವಾಳ ಎಲ್ಲಕ್ಕೂ ಉಣಿಸಿದೆ. ಖಾಲಿಯಾದ ಬ್ಯಾರಲ್ಲಿನ ಒಳಗೋಡೆಯ ಮೇಲೆ ಕಪ್ಪು ಪುಡಿಯಂಥದು ಅಂಟಿತ್ತು. "ಇವು ತತ್ತಿ. ನೀರು ಚೆಲ್ಲಿದ್ರ ಹೋಗಂಗಿಲ್ಲ, ಒಣಗಿದ್ರೂ ಸಾಯಂಗಿಲ್ಲ. ನಾರು ತಗೊಂಡು ತಿಕ್ಕಬೇಕು" ಎಂದಳು. ತಲೆಯನ್ನು ಬ್ಯಾರಲ್ಲಿನೊಳಗೆ ತೂರಿಸಿ ತಿಕ್ಕಿದೆ. ಒಳಗಿಂದ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಒರಳನ್ನು ಬೋರಲು ಹಾಕಿದೆ. ಕೂಲರಿನ ತಳ ಗುಜರಿಗೆ ಹೋಯಿತು. ಒಂದು ಬ್ಯಾರಲ್ಲಿಗೆ ಮುಚ್ಚಳ ಕೂಡಲಿಲ್ಲ. ಆಗ ಒಳಗೆ ಹೋಗಿ ನನ್ನ ಹಳೆಯ ಡ್ಯೂಟಿ ಅಂಗಿ ತಂದು ಅದರ ಬಾಯಿಗೆ ಕಟ್ಟಿದೆ.

ಸಂಜೆ ನೀಲಮ್ಮನ ಹತ್ತಿರ ಕುಳಿತು ಎಲ್ಲ ಹೇಳಿಕೊಂಡೆ. ರೇಣುಕಾಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

"ನನಗ ಗೊತ್ತಿತ್ತು" ಎಂದಳು ಅವಳು. "ನಾನೂ ಬಾಯಿ ಬಿಡಲಿಲ್ಲ. ನೀರಿನ ಮಾತು ಬಂದಾಗ ನೀವು ಮಾತಾಡಂಗಿಲ್ಲ, ನಿಮ್ಮ ಬಾಯಾಗ ಅತ್ತಿ ಮಾತಾಡ್ತಾರ. ಅವರ ಕೂಡ ಹೆಂಗ ಜಗಳಾಡ್ಲಿ?"

ಪಕ್ಕದ ಮನೆಯ ಟೇಲರ್ ಶಂಕ್ರಪ್ಪನಿಗೂ ಅದೇ ವಾರ ಜ್ವರ ಬಂತು. ಎಂಟು ದಿನ ಕತ್ತರಿ ಹಿಡಿಯಲಿಲ್ಲ. ಅವನಿಗೆ ಕಡಿದದ್ದು ನಮ್ಮ ಹಿತ್ತಲ ಸೊಳ್ಳೆಯೋ, ಬೇರೆ ಕಡೆಯದೋ ಯಾರಿಗೆ ಗೊತ್ತು. ಆದರೂ ಹೋಗಿ ಹೇಳಿದೆ. ಅವನು ಮೊಣಕಾಲು ಒತ್ತಿಕೊಳ್ಳುತ್ತ, "ನಮ್ಮ ತಾರಸಿ ಮ್ಯಾಲಿನ ಟಾಕಿಗೂ ಮುಚ್ಚಳ ಇಲ್ರಿ. ಒಂದೀಟು ಬಂದು ಹತ್ತಿ ನೋಡ್ರಿ, ನನಗ ಮೆಟ್ಟಲು ಹತ್ತಾಕ ಆಗವಲ್ದು" ಎಂದ. ನಾನು ಹತ್ತಿದೆ.

ನೀಲಮ್ಮನ ಜ್ವರ ಡಾಕ್ಟರ್ ಹೇಳಿದಂತೆ ಇಳಿಯಿತು. ನೋವು ಇಳಿಯಲಿಲ್ಲ. ಮುಂಜಾನೆ ಬೆರಳುಗಳು ಮರದ ಕೊರಡಿನಂತಿರುತ್ತಿದ್ದವು, ಬಿಸಿಲೇರಿದ ಮೇಲೆ ಸ್ವಲ್ಪ ಮಣಿಯುತ್ತಿದ್ದವು. ರೊಟ್ಟಿ ಖಾನಾವಳಿಯಿಂದ ಬಂತು. ಪಲ್ಲೆ ನಾನು ಮಾಡಿದೆ, ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಅವಳ ತಲೆ ಬಾಚಿ ಜಡೆ ಹಾಕುವ ಕೆಲಸವೂ ನನಗೇ ಬಂತು. ಮೊದಲ ದಿನ ಕನ್ನಡಿ ನೋಡಿಕೊಂಡು, "ಬಸ್ಸಿನ ಮ್ಯಾಲ ಲಗೇಜು ಕಟ್ಟಿದಂಗ ಕಟ್ಟೀರಿ" ಎಂದಳು. ಜ್ವರ ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. ನಾನು ಮರುದಿನವೂ ಹಾಗೇ ಕಟ್ಟಿದೆ. ಬೇಕೆಂದು ಕಟ್ಟಿದೆ ಎಂದು ಹೇಳುತ್ತೇನೆ, ನೀವು ನಂಬಬೇಕು.

ಆದರೆ ಒಂದು ದಿನ ಡ್ಯೂಟಿಯಿಂದ ಬಂದಾಗ ಫೋನ್ ಹಿಡಿದು ಕುಳಿತಿದ್ದಳು. ಮಂಜುಳಾಗೆ ಬರಬೇಡ ಎಂದು ಹೇಳಿಬಿಟ್ಟಿದ್ದಳು. "ಹಿಟ್ನಾಳದಾಗ ಇರು, ನಿಮ್ಮತ್ತಿ ನೋಡಿಕೋತಾರ. ಇಲ್ಲಿ ಸೊಳ್ಳಿನೂ ಅದಾವ, ನನ್ನ ಕೈಲೆ ಏನೂ ಆಗಂಗಿಲ್ಲ ಅಂತ ಹೇಳೀನಿ" ಎಂದು ಗೋಡೆಯ ಕಡೆ ತಿರುಗಿದಳು.

ಮರುದಿನ ಡ್ಯೂಟಿ ಮುಗಿಸಿ ಹಿಟ್ನಾಳದ ಬಸ್ಸು ಹತ್ತಿದೆ. ನಮ್ಮ ಅಳಿಯನದು ಹೆದ್ದಾರಿಯ ಬದಿಗೆ ಪಂಕ್ಚರ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಎಷ್ಟೋ ಸಲ ಹೋಗಿದ್ದೇನೆ. ಆ ದಿನ ಮೊದಲ ಸಲ ನನ್ನ ಕಣ್ಣು ಹಳೆಯ ಟೈರುಗಳ ರಾಶಿಯ ಮೇಲೆ ಬಿತ್ತು. ಲಾರಿಯದು, ಟ್ರ್ಯಾಕ್ಟರಿನದು, ಅಳಿಯ ಗೋಡೆಗುಂಟ ಪೇರಿಸಿದ್ದ. ಒಂದರೊಳಗೆ ಟಾರ್ಚು ಬಿಟ್ಟೆ. ಮಳೆನೀರು, ಅದರಲ್ಲಿ ಅದೇ ಸುಳಿದಾಟ. ಮಗಳು ಒಳಗಿನ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅಪ್ಪಾ, ಬಂದವ್ರು ಒಳಗ ಬರೋದು ಬಿಟ್ಟು ಟೈರಿನ್ಯಾಗ ಏನ್ ನೋಡಾಕ ಹತ್ತೀರಿ?"

ಬೀಗರ ಮನೆಯಲ್ಲಿ ಚಹಾ ಕುಡಿಯುವ ಮುಂಚೆ ಟೈರು ಬೋರಲು ಹಾಕುವ ಮಾವ ಯಾರಿಗೂ ಬೇಡ. ಆದರೆ ಅಳಿಯ ಒಳ್ಳೆಯವನು. ತೋಳು ಮಡಚಿ ಬಂದ. ಇಬ್ಬರೂ ಸೇರಿ ಟೈರುಗಳ ನೀರು ತೆಗೆದೆವು. ಒಳಗೊಳಗೆ ತಿಕ್ಕಿ ಮಾಡಿನಡಿಗೆ ಒಯ್ದು ಪೇರಿಸಿ, ಮೇಲೆ ತಾಡಪತ್ರಿ ಹೊದಿಸಿದೆವು. ಆಗ ಮಂಜುಳಾ ನಾನು ತೊಳೆದ ಕೈಗೆ ಚಹಾ ಕೊಟ್ಟಳು.

"ಅವ್ವ ಬರಬ್ಯಾಡ ಅಂತಾಳ" ಎಂದಳು. "ನಾ ಬರಾಕಿ. ಆಕಿ ಕೈಲೆ ಎರಿಯಾಕ ಆಗದಿದ್ರ ಬ್ಯಾಡ. ಆಕಿ ಬಾಜೂಕ ಇದ್ರ ಸಾಕು."

ಹಿಂದಿರುಗಿ ರೇಣುಕಾಳನ್ನು ಕೇಳಿದೆ, ಕರೆತರಬಹುದೇ ಎಂದು. ಅವಳು ನೇರ ಮನುಷ್ಯಳು. "ಸೊಳ್ಳಿ ಎಲ್ಲಿಲ್ಲ ಹೇಳ್ರಿ ಕಾಕಾ. ನೀವು ವಾರ ತಪ್ಪಿಸದಂಗ ಖಾಲಿ ಮಾಡಿದ್ರ ನಿಮ್ಮ ಮನಿನ ಛಲೋ. ತಪ್ಪಿಸಿದ್ರ ಯಾವ ಮನಿನೂ ಛಲೋ ಅಲ್ಲ" ಎಂದಳು.

ನಾನು ಶುಕ್ರವಾರ ಹಿಡಿದೆ. ವಾರದ ರಜೆಯನ್ನು ಆ ದಿನಕ್ಕೆ ಬದಲಿಸಿಕೊಂಡೆ. ಶುಕ್ರವಾರ ಮುಂಜಾನೆ ನಮ್ಮ ಮನೆಯಲ್ಲಿ ಒಂದು ತೊಟ್ಟು ನಿಂತ ನೀರಿರುವುದಿಲ್ಲ. ಮೊದಮೊದಲು ಬ್ಯಾರಲ್ ಬೋರಲು ಬಿದ್ದದ್ದು ನೋಡಿದರೆ ಗಂಟಲೊಣಗಿ ಸುಮ್ಮಸುಮ್ಮನೆ ನೀರು ಕುಡಿಯುತ್ತಿದ್ದೆ. ಆಮೇಲೆ ರೂಢಿಯಾಯಿತು. ಓಣಿಯಲ್ಲಿ ಕೆಲವರು ನಕ್ಕರು, ಕೆಲವರು ನೋಡಿ ತಾವೂ ಮಾಡಿದರು. "ನೀರು ಅಂದ್ರ ಜೀವ ಬಿಡ್ತಿದ್ದ ಕಂಡಕ್ಟರ್ ಚೆಲ್ಲಾಕ ಹತ್ಯಾನ ಅಂದ್ರ ಏನೋ ಐತಿ" ಎಂದು ಶಂಕ್ರಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿದನಂತೆ. ಎಲ್ಲರೂ ಮಾಡುತ್ತಾರೆಂದು ಹೇಳಲಾರೆ. ಇವತ್ತಿಗೂ ಎರಡು ಮನೆಯವರು ರೇಣುಕಾಳನ್ನು ಹಿತ್ತಲಿಗೆ ಬಿಡುವುದಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಯಾವ ನಾಲಿಗೆಯಿಂದ ಸಿಟ್ಟಾಗಲಿ?

ಮಂಜುಳಾ ಒಂಬತ್ತು ತಿಂಗಳಿಗೆ ಬಂದಳು. ಹಗಲು ಹೊತ್ತೇ ಪರದೆ ಕಟ್ಟಿ ಮಲಗಿಸಿದೆವು. ನೀಲಮ್ಮ ಬೆಳಗ್ಗೆ ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ಕೂತು, ಜೋಳದ ಹಿಟ್ಟಿನ ಉಂಡೆಯೊಂದನ್ನು ಹಿಸುಕಿ ಹಿಸುಕಿ ಬಿಡುತ್ತಿದ್ದಳು. ಡಾಕ್ಟರ್ ಹಾಗೆ ಹೇಳಿದ್ದರು. ಮೊದಲು ಉಂಡೆಯ ಮೇಲೆ ಬೆರಳಿನ ಗುರುತೂ ಮೂಡುತ್ತಿರಲಿಲ್ಲ. ದಿನ ಹೋದಂತೆ ನಾಲ್ಕೂ ಬೆರಳು ಮೂಡಿದವು. ಹೆಬ್ಬೆರಳು ಮಾತ್ರ ಹಟಮಾರಿ.

ಹೆಣ್ಣುಕೂಸು ಹುಟ್ಟಿತು, ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ತಾಯಿಗೂ ಜ್ವರವಿಲ್ಲ, ಕೂಸಿಗೂ ಜ್ವರವಿಲ್ಲ. ರೇಣುಕಾ ಕೂಸನ್ನು ನೋಡಲು ಬಂದವಳು ವಹಿ ತೆರೆದು ಏನೋ ಬರೆದುಕೊಂಡಳು. ಬರೆಯುವಾಗ ಅವಳ ಮುಖದಲ್ಲಿದ್ದ ಸಮಾಧಾನವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಮನೆಗೆ ಕರೆತಂದ ಮೇಲೆ ಮೊದಲ ಕೆಲವು ದಿನ ಶಂಕ್ರಪ್ಪನ ತಾಯಿ ಬಂದು ಎರೆದಳು. ನೀಲಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೀಗೆ ಹಿಡಿ, ಹಾಗೆ ತಿಕ್ಕು ಎಂದು ಒಂದು ಮಾತೂ ಆಡಲಿಲ್ಲ. ನನಗೆ ಅದೇ ಸಂಕಟ.

ಒಂದು ಮುಂಜಾನೆ ನಾನು ಡ್ಯೂಟಿಗೆ ಹೊರಡಲು ಬೂಟು ಹಾಕುತ್ತಿದ್ದೆ. ಬಚ್ಚಲಿನಿಂದ ಕರೆದಳು. ಹೋಗಿ ನೋಡಿದರೆ ಕಾಲು ನೀಡಿ ಕುಳಿತಿದ್ದಾಳೆ. ಕೂಸು ಅವಳ ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತ ಮಲಗಿದೆ. ಮಂಜುಳಾ ಗೋಡೆಗೊರಗಿ ನಿಂತಿದ್ದಾಳೆ.

"ಶಂಕ್ರಪ್ಪನ ಅವ್ವಗ ಇವತ್ತು ಮೈಯಾಗ ಹುಷಾರಿಲ್ಲಂತ. ನಾನ ಎರೀತೀನಿ. ತಂಬಿಗಿ ಎತ್ತಾಕ ಮಾತ್ರ ಆಗಂಗಿಲ್ಲ. ನೀವು ಹಾಕ್ರಿ" ಎಂದಳು.

ಬೂಟು ಬಿಚ್ಚಿ, ಪ್ಯಾಂಟು ಮಡಚಿ ನಿಂತೆ. ಹಂಡೆಯ ನೀರು ಹದ ನೋಡಿ ಸುರಿಯತೊಡಗಿದೆ. ಅವಳ ಕೈ ಕೂಸಿನ ಎದೆಯಿಂದ ಭುಜಕ್ಕೆ, ಭುಜದಿಂದ ಅಂಗೈಗೆ ಇಳಿಯಿತು. ಬೆನ್ನು ತಿರುಗಿಸಿ ಹಾಕಿಕೊಂಡು ಬೆನ್ನುಹುರಿಯ ಗುಂಟ ಹೋಯಿತು. ಮೊದಲು ನಿಧಾನವಾಗಿ, ಹೆದರುತ್ತ. ಆಮೇಲೆ ಅವಳು ನಮ್ಮನ್ನೂ ತನ್ನ ಕೈಯನ್ನೂ ಮರೆತು, ಕೂಸಿನ ಕೂಡ ಏನೇನೋ ಮಾತಾಡತೊಡಗಿದಳು. ಕೂಸು ಅತ್ತಿತು, ಅತ್ತಿತು, ಸುಮ್ಮನಾಯಿತು. ಕಣ್ಣು ಅರೆಮುಚ್ಚಿತು.

ಮಂಜುಳಾ ಮೆತ್ತನೆಯ ಬಟ್ಟೆ ಹಿಡಿದು ಮುಂದೆ ಬಂದಳು. ಕೂಸನ್ನು ಅವಳ ಕೈಗೆ ಕೊಟ್ಟ ಮೇಲೆ ನೀಲಮ್ಮ ತನ್ನೆರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ನೋಡ್ರಿ," ಎಂದಳು, "ಎರಿಯೋತನಕ ಬೆರಳು ನೋಯೋದು ನೆನಪಾಗಲೇ ಇಲ್ಲ."

ನನ್ನ ಕೈಯಲ್ಲಿ ತಂಬಿಗೆ ಇತ್ತು, ಹಂಡೆಯಲ್ಲಿ ನೀರಿತ್ತು. ಎಷ್ಟು ತಂಬಿಗೆಯೆಂದು ಎಣಿಸದೆ, ಅವಳ ಅಂಗೈಯ ಎಣ್ಣೆ ಹೋಗುವವರೆಗೂ ಸುರಿಯುತ್ತ ನಿಂತೆ.